ಚಿತ್ತಾರ ಬರೆದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಸಾಗರ, ಸೊರಬ ಭಾಗದ ಹೋಂಸ್ಟೇ ಫಲಕ, ಮದುವೆಯ ಕರೆಯೋಲೆ, ನಾಟಕದ ಪೋಸ್ಟರ್‌ಗಳಲ್ಲಿ ಮದುವೆಮನೆಯ ಗೋಡೆಗೆ ಬರೆಯುವ ಸಾಂಪ್ರದಾಯಿಕ ಚಿತ್ರವಾದ ಹಸೆ ಚಿತ್ತಾರದ ಗೆರೆಗಳು ಕಾಣಿಸುತ್ತಿರುವುದು ನಿಜಕ್ಕೂ ಸಂತೋಷದ ಸಂಗತಿ. 2016ರಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದ್ದರೂ ಇನ್ನೂ ತೂಗಾಡುತ್ತಿರುವ, ಬರೀ ಮುಖಗಳೇ ತುಂಬಿದ ಫ್ಲೆಕ್ಸ್‌ಗಳ ನಡುವೆ ಇವು ಕಣ್ಣಿಗೆ ತಂಪು.

ಈ ಭಾಗದ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿ, ಹುರಿದು ಕರಿಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಣ್ಣಗಳನ್ನು ಪುಂಡಿನಾರಿನ ಕುಂಚದಿಂದ ಎಳೆಯೆಳೆಯಾಗಿ ಮೂಡಿಸುವ ಈ ಕಲೆಯಲ್ಲಿ, ಮಿತವಾದ ಬಣ್ಣ ಮತ್ತು ಲಯಬದ್ಧ ರೇಖೆಗಳಿಂದಲೇ ಇಡೀ ಮದುವೆಯ ಸಂಭ್ರಮ ಗೋಡೆಗಿಳಿಯುತ್ತದೆ. ಜಾಹೀರಾತು, ರಂಗಸಜ್ಜಿಕೆ, ದೃಶ್ಯ ವಿನ್ಯಾಸ ಕಲಿಯುವ ನಮ್ಮ ಯುವಕರಿಗೆ ಇದಕ್ಕಿಂತ ಸಮೃದ್ಧ ಸ್ಫೂರ್ತಿ ಬೇಕೇ?

ಆದರೆ ಜಾಲತಾಣದಿಂದ ಚಿತ್ರವನ್ನು ಇಳಿಸಿಕೊಂಡು, ಗೆರೆ ತಿದ್ದಿ ಮಾರುವುದು ಸ್ಫೂರ್ತಿಯಲ್ಲ. ಕಲಾವಿದೆ ಸ್ವತಃ ರಚಿಸಿದ ಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ ಎಂಬುದನ್ನು ಮುದ್ರಣಾಲಯಗಳೂ ವಿನ್ಯಾಸಕಾರರೂ ಅರಿಯಬೇಕು; ಆಕೆಯನ್ನು ಕಂಡು, ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಮೂಲೆಯಲ್ಲಿ ಹೆಸರನ್ನೂ ಮುದ್ರಿಸಬೇಕು. ಜಿಲ್ಲಾಡಳಿತವು ಬಸ್ ನಿಲ್ದಾಣ, ಪ್ರವಾಸಿ ತಾಣಗಳ ಫಲಕಗಳಿಗೆ ಚಿತ್ತಾರ ಬರೆಸುವಾಗ ಗುತ್ತಿಗೆದಾರರ ಬದಲು ಈ ಮಹಿಳೆಯರಿಗೇ ನೇರವಾಗಿ ಕೆಲಸ ವಹಿಸಲಿ ಎಂದು ವಿನಂತಿಸುತ್ತೇನೆ.

– ಓರ್ವ ಓದುಗ, ಸಾಗರ