ರಾಗಿ ಜಾಲಿಸಿದ ಕೈಗೇ ಚಿನ್ನ

ನಮ್ಮ ಸಂಘದ ಪತ್ರಿಕೆಯ ಉಗಾದಿ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು, ಎರಡನೇ ಪುಟ ಇನ್ನೂ ಖಾಲಿ. ಬೇವು-ಬೆಲ್ಲದ ಮೇಲೆ ಆಗಲೇ ನಾಲ್ಕು ಬರಹ ಬಂದಿವೆ. ಹಾಗಾಗಿ ಈ ಸಲದ ವಿಷಯ ಕನ್ನಡ ಶಾಲೆಯ ಮಗುವೊಂದು ಕೊಟ್ಟದ್ದು. ಆಸ್ಟ್ರೇಲಿಯಾದ ಹಳೆಯ ಚಿನ್ನದ ಗಣಿಗಳ ಊರು ಬ್ಯಾಲರಾಟ್‌ಗೆ ಸಂಘ ಹೊರಡಿಸಿರುವ ಪ್ರವಾಸದ ಚೀಟಿ ಓದಿ ಅದು ಕೇಳಿದ ಪ್ರಶ್ನೆ: "ನಮ್ಮೂರಲ್ಲೇ ಚಿನ್ನದ ಗಣಿ ಇದೆಯಂತಲ್ಲ ಆಂಟಿ, ಅಲ್ಲಿ ಯಾಕೆ ಕೆಳಗೆ ಇಳಿಸಲ್ಲ?"

ಯಾಕೆಂದರೆ, ಪುಟ್ಟಾ, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿ ದಾಟಿ ಕಾದಿರುತ್ತದೆ. ಮೇಲಿನ ಭಾರ ತಡೆಯದೆ ಬಂಡೆ ಸಿಡಿಯುವುದೂ ಉಂಟು. ಊರವರು ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಂಪು ನಿಂತವು, ನೀರು ತುಂಬಿತು. ಈಗ ಕಾಣುವುದು ಗಣಿಗೆ ಇಳಿಯುವ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರಗಳು, ಮತ್ತೆ ಸೈನೈಡ್ ದಿಬ್ಬಗಳು. ಕಲ್ಲು ಕುಟ್ಟಿ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡ ಮೇಲೆ ಉಳಿದ ಮಣ್ಣದು. ಗಾಳಿ ಎದ್ದರೆ ಆ ಪುಡಿ ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತಿತ್ತು, ಮುಚ್ಚದ ಹಿಟ್ಟಿನ ಡಬ್ಬಿಗೂ ಇಳಿಯುತ್ತಿತ್ತು. ಪ್ರವಾಸಿಗರಿಗೆ ಟಿಕೆಟ್ ಕೊಟ್ಟು ತೋರಿಸುವಂಥದ್ದಲ್ಲ.

ನಾವು ಹೋಗುವ ಬ್ಯಾಲರಾಟಿನ ಸೋವರಿನ್ ಹಿಲ್ ಹಾಗಲ್ಲ. ಹಳೆಯ ಗಣಿ ಪ್ರದೇಶದ ಮೇಲೆ 1850ರ ದಶಕದ ಊರನ್ನೇ ಮತ್ತೆ ಕಟ್ಟಿ, 1970ರಲ್ಲಿ ಜನರಿಗೆ ತೆರೆದರು. ಸುರಂಗ ನೋಡಲು ಹೋಗುವವರು ಒಳಗೆ ಹೊಕ್ಕ ತಕ್ಷಣವೇ ಸಮಯ ಕೇಳಿ ಗೊತ್ತುಮಾಡಿಕೊಳ್ಳಿ, ಮಧ್ಯಾಹ್ನಕ್ಕೆ ಬಿಟ್ಟರೆ ಜನ ಜಾಸ್ತಿ. ಮಂಡಿನೋವಿನವರು ಮೆಟ್ಟಿಲು ಎಷ್ಟಿವೆ ಎಂದು ಮೊದಲೇ ವಿಚಾರಿಸಿ. 1858ರಲ್ಲಿ ಸಿಕ್ಕ 69 ಕಿಲೋ ತೂಕದ 'ವೆಲ್ಕಂ' ಚಿನ್ನದ ಗಟ್ಟಿಯ ಕಥೆಯನ್ನು ಅಲ್ಲಿನ ರೆಡ್ ಹಿಲ್ ಗಣಿಯಲ್ಲಿ ಹೇಳುತ್ತಾರೆ. ಮಕ್ಕಳು ಮಾತ್ರ ಅಲ್ಲಿನ ಚಿನ್ನ ಹುಡುಕುವ ತೊರೆ ಬಿಟ್ಟು ಏಳುವುದಿಲ್ಲ.

ತೊರೆಯಲ್ಲಿ ತಟ್ಟೆ ಹಿಡಿದು ಚಿನ್ನ ತೆಗೆಯುವುದೆಂದರೆ ನಮ್ಮ ಅಜ್ಜಿಯರು ಕಲ್ಲು ಬೇರ್ಪಡಿಸಲು ರಾಗಿ ಜಾಲಿಸುತ್ತಿದ್ದರಲ್ಲ, ಅದೇ ಕೆಲಸ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೆ ಜಾಲಗಾರರು ಎಂದೇ ಹೆಸರು. ವ್ಯತ್ಯಾಸ ಒಂದೇ: ಅಜ್ಜಿ ತಳದ್ದನ್ನು ಎಸೆಯುತ್ತಿದ್ದರು, ಇಲ್ಲಿ ತಳದ್ದೇ ಬೇಕು.

ಮೇಲಿನ ಜಲ್ಲಿ ಬಿಟ್ಟು, ದೊಡ್ಡ ಕಲ್ಲಿನ ಬುಡದಿಂದ ಗೋರಿ ತೆಗೆಯಿರಿ. ತಟ್ಟೆಯ ಅರ್ಧ ಸಾಕು; ತುಂಬಿಕೊಂಡರೆ ಮಕ್ಕಳ ಕೈ ಸೋಲುತ್ತದೆ. ನೀರಿನೊಳಗೇ ಹಿಡಿದು ಜೇಡಿ ಉಂಡೆಗಳನ್ನೆಲ್ಲ ಬೆರಳಲ್ಲಿ ಹಿಸುಕಿ ಕರಗಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಕರಗದ ಜೇಡಿ ಅಂಟಿದ ಚಿನ್ನವನ್ನು ಹೊತ್ತುಕೊಂಡೇ ಆಚೆ ಹೋಗುತ್ತದೆ. ಆಮೇಲೆ ಅಕ್ಕಪಕ್ಕಕ್ಕೆ ಜೋರಾಗಿ ಕುಲುಕಿ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಚಿಲ್ಲರೆ. ಕುಲುಕಿದಷ್ಟೂ ಚಿನ್ನ ಕೆಳಗಿಳಿಯುತ್ತದೆ. ತಟ್ಟೆಯನ್ನು ಮುಂದಕ್ಕೆ ಬಾಗಿಸಿ ಮೇಲಿನ ಪದರ ಮಾತ್ರ ನೀರಿಗೆ ಬಿಡಿ, ಮತ್ತೆ ಕುಲುಕಿ, ಮತ್ತೆ ಬಿಡಿ. ಒಂದು ಚಮಚದಷ್ಟು ಕಪ್ಪು ಮರಳು ಉಳಿದಾಗ ಸ್ವಲ್ಪ ನೀರು ಹಾಕಿ ನಿಧಾನ ತಿರುಗಿಸಿ. ಮರಳು ಸರಿಯುತ್ತದೆ, ಚಿನ್ನ ಹಿಂದೆ ಉಳಿಯುತ್ತದೆ. ನೆರಳಲ್ಲೂ ಹಳದಿಯಾಗಿದ್ದರೆ ಚಿನ್ನ, ಬಿಸಿಲಲ್ಲಷ್ಟೇ ಮಿನುಗಿದರೆ ಅಭ್ರಕ.

ಇನ್ನೊಂದು ಮಾತು. ಎಣ್ಣೆ, ಸನ್‌ಸ್ಕ್ರೀನ್ ಹಚ್ಚಿದ ಕೈ ತಟ್ಟೆಗೆ ತಾಕಿಸಬೇಡಿ. ಜಿಡ್ಡು ಹತ್ತಿದ ಚಿನ್ನದ ಸಣ್ಣ ರೇಕು ನೀರಿನ ಮೇಲೆ ತೇಲಿ ಹೋಗಿಬಿಡುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬರುವ ಅಜ್ಜಿಯರೇ, ಸೋಪು ಹಾಕಿ ಕೈ ತೊಳೆದುಕೊಳ್ಳಿ. ಕಣ ಹಾಕಲು ಮುಚ್ಚಳವಿರುವ ಪುಟ್ಟ ಸೀಸೆ ತನ್ನಿ. ಅದಕ್ಕೆ ನೀರು ತುಂಬಿಸಿ, ಕಣ ಹತ್ತಿದ ಬೆರಳನ್ನು ಸೀಸೆಯ ಬಾಯಿಗೆ ಒತ್ತಿ, ಒಮ್ಮೆ ಬೋರಲು ಮಾಡಿ ಮತ್ತೆ ನೆಟ್ಟಗೆ ಹಿಡಿದರೆ ಕಣ ತಾನೇ ಇಳಿಯುತ್ತದೆ. ನಿರ್ವಾಹಕರೇ ತೊರೆಗೆ ಚಿನ್ನ ಬೆರೆಸುತ್ತಾರೆ ಎನ್ನುವುದನ್ನು ಮಕ್ಕಳಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಚಿನ್ನ ಕರಗಿಸಿ ಅಚ್ಚಿಗೆ ಹೊಯ್ಯುವುದನ್ನೂ ನೋಡಿ. 1064 ಡಿಗ್ರಿಗೆ ಕರಗುವ ಲೋಹ, ಹೊಯ್ಯುವುದು ಕ್ಷಣದ ಕೆಲಸ, ಫೋನ್ ಮೊದಲೇ ತೆಗೆದಿಟ್ಟುಕೊಳ್ಳಿ.

ಜಾಗ ಸಾಲದು, ಸೂಚನೆಗಳು ಒಟ್ಟಿಗೇ: ಬಸ್ಸಿನಲ್ಲಿ ಇನ್ನು 6 ಸೀಟು ಉಳಿದಿವೆ. ಬ್ಯಾಲರಾಟ್ ಮೆಲ್ಬರ್ನ್‌ಗಿಂತ ಚಳಿ, ಸ್ವೆಟರ್ ಇರಲಿ, ಮಕ್ಕಳಿಗೆ ಇನ್ನೊಂದು ಜೊತೆ ಕಾಲುಚೀಲ. ಚಿತ್ರಾನ್ನ, ಮೊಸರನ್ನ ಸಂಘದ್ದು, ತಟ್ಟೆ-ಲೋಟ ನಿಮ್ಮದು. ಉಗಾದಿ ನಾಟಕದ ತಾಲೀಮು ಶನಿವಾರ 4ಕ್ಕೆ, 5ಕ್ಕಲ್ಲ. ಸಂಕ್ರಾಂತಿಯಲ್ಲಿ ಉಳಿದ ಎರಡು ಕುಕ್ಕರು, ಒಂದು ಈಳಿಗೆಮಣೆ ಸಂಘದ ಕಪಾಟಿನಲ್ಲಿವೆ, ದಯವಿಟ್ಟು ಒಯ್ಯಿರಿ. ಮುಂದಿನ ಸಂಚಿಕೆಗೆ ಕರಡು ತಿದ್ದುವವರು ಒಬ್ಬರೂ ಇಲ್ಲ. ತಿಂಗಳಿಗೆ ಎರಡು ಸಂಜೆ ಕೊಟ್ಟರೆ ಸಾಕು, ಒತ್ತಕ್ಷರ ಗೊತ್ತಿದ್ದರೆ ಸಾಕು. ಯಾರಾದರೂ ಬನ್ನಿ, ಬಸ್ಸಿನಲ್ಲೇ ಹೇಳಿದರೂ ಆಯಿತು.