ಹಿಂಡಿ ಅಂದ್ರೆ ಹಸುಗೆ ಹಾಕೋದು ಅಂದ್ಕೊಂಡಿದ್ದೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣೀಲಿ ಹೋಟ್ಲು ತಿಂಡಿ ಬಗ್ಗೆ ಏನೇ ಬಂದ್ರೂ ನಾನು ಮೊದ್ಲು ಓದೋದು ಅದನ್ನೇ, ರಾಜಕೀಯ ಎಲ್ಲ ಆಮೇಲೆ. ಹೋದ ತಿಂಗ್ಳು ಮಗ ಸೊಸೆ ಜೊತೆ ಹುಬ್ಬಳ್ಳಿ ಕಡೆ ಹೋಗಿದ್ದೆ, ದಾರೀಲಿ ಹೈವೇ ಪಕ್ಕದ ಒಂದು ದೊಡ್ಡ ಹೋಟ್ಲಲ್ಲಿ ಊಟಕ್ಕೆ ನಿಲ್ಸಿದ್ವಿ, ಅಲ್ಲಿನ ಮೆನು ಕಾರ್ಡ್ ನೋಡಿ ತಲೆ ಕೆಟ್ಟು ಈ ಪತ್ರ ಬರೀತಿದೀನಿ. ಹೋಟ್ಲು ಹೆಸರು ಬೇಡ ಬಿಡಿ, ಊಟ ಚೆನ್ನಾಗೇ ಇತ್ತು. ಕಾರ್ಡಲ್ಲಿ ಅವಲಕ್ಕಿ ಹೋಗಿ ಪೋಹಾ ಆಗಿತ್ತು, ಉಪ್ಪಿಟ್ಟು ಉಪ್ಮಾ ಆಗಿತ್ತು, ಮಜ್ಜಿಗೆ ಬಟರ್‌ಮಿಲ್ಕ್ ಆಗಿತ್ತು. ಇಷ್ಟನ್ನೂ ಸಹಿಸ್ಕೊಂಡೆ. ಶೇಂಗಾ ಹಿಂಡಿ ಇರ್ಬೇಕಾದ ಜಾಗದಲ್ಲಿ ‘ಪೀನಟ್ ಡ್ರೈ ಚಟ್ನಿ’ ಅಂತ ಇದ್ದಿದ್ದು ನೋಡಿ ಮಾತ್ರ ಹೊಟ್ಟೆ ಉರೀತು, ಯಾಕಂದ್ರೆ ಆ ಹಿಂಡಿಗೂ ನಂಗೂ ಹಳೇ ಲೆಕ್ಕ ಇದೆ.

ನಾನು ಮಂಡ್ಯ ಕಡೆಯವ್ನು. 1987ರಲ್ಲಿ ಬ್ಯಾಂಕಿನವ್ರು ನನ್ನ ಗದಗಕ್ಕೆ ಎತ್ತಾಕಿದ್ರು. ಮದ್ವೆ ಆಗಿರ್ಲಿಲ್ಲ, ಅಡುಗೆ ಬರ್ತಿರ್ಲಿಲ್ಲ, ರೂಮಿನ ಹತ್ರ ಒಂದು ಖಾನಾವಳಿ ಇತ್ತು. ಹೋದ ಮೊದಲ್ನೇ ದಿನಾನೇ ಒಳಗಿಂದ ಪಟ ಪಟ ಅಂತ ರೊಟ್ಟಿ ಬಡಿಯೋ ಸದ್ದು, ತಟ್ಟೇಲಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಪಕ್ಕದಲ್ಲಿ ಹಸೀ ಮೆಂತ್ಯ ಸೊಪ್ಪು ಹಂಗೇ ಬೇರು ಕಿತ್ತು ತಂದಿಟ್ಟಂಗೆ, ಮುಷ್ಟೀಲಿ ಗುದ್ದಿದ ಈರುಳ್ಳಿ. ಮುದ್ದೆ ಬಸ್ಸಾರು ತಿಂದ್ಕೊಂಡು ಬೆಳೆದವ್ನು ನಾನು, ಹಸೀ ಸೊಪ್ಪು ನೋಡಿ ಇದನ್ನ ಏನ್ ಮಾಡ್ಬೇಕು ಅಂತ ಯೋಚ್ನೆ ಮಾಡ್ತಾ ಕೂತಿದ್ದಾಗ ಅಮ್ಮನಂಥ ಒಬ್ರು ಬಂದು “ಹಿಂಡಿ ಹಾಕ್ಲೇನ್ರಿ?” ಅಂದ್ರು. ನಮ್ಮೂರಲ್ಲಿ ಹಿಂಡಿ ಅಂದ್ರೆ ಕಡ್ಲೆಕಾಯಿ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯೋದು, ಅದನ್ನ ನೆನೆಸಿ ಹಸು ಎಮ್ಮೆಗೆ ಹಾಕ್ತೀವಿ. ನಾನು ತಡೀಲಾರ್ದೆ “ಏನಮ್ಮಾ, ನಾನೇನು ಎಮ್ಮೇನಾ?” ಅಂದ್ಬಿಟ್ಟೆ. ಇಡೀ ಖಾನಾವಳಿ ನಕ್ತು. ಅವ್ರೂ ನಗ್ತಾನೇ ಹುರಿದ ಶೇಂಗಾ, ಖಾರದ ಪುಡಿ, ಬೆಳ್ಳುಳ್ಳಿ, ಜೀರಿಗೆ ಸೇರ್ಸಿ ಕುಟ್ಟಿದ ಪುಡೀನ ಒಂದು ಚಮಚ ಹಾಕಿ ಮೇಲೆ ಗಟ್ಟಿ ಮೊಸರು ಸುರಿದ್ರು. ಅವತ್ತಿಂದ ಗದಗ ಬಿಡೋವರ್ಗೂ ಹಿಂಡಿ ಇಲ್ದೆ ನಾನು ಊಟ ಮಾಡಿಲ್ಲ.

ಅಲ್ಲಿಗೆ ಮುಗೀಲಿಲ್ಲ. ಗುರೆಳ್ಳು ಹಿಂಡಿ ಅಂತ ಇನ್ನೊಂದು ಕಪ್ಪಗಿರೋದು ಕೊಡ್ತಿದ್ರು, ಭಾರೀ ರುಚಿ, ಇದೇನೋ ಈ ಕಡೆಯ ವಿಶೇಷ ಕಾಳಿರ್ಬೇಕು ಅಂದ್ಕೊಂಡು ಎರಡು ವರ್ಷ ತಿಂದೆ. ಊರಿಗೆ ಹೋಗೋವಾಗ ಒಂದು ಪೊಟ್ಟಣ ಕಟ್ಟಿಸ್ಕೊಂಡು ಹೋಗಿ ನಮ್ಮವ್ವನಿಗೆ ಕೊಟ್ರೆ ಅವ್ಳು ಮೂಸಿ ನೋಡಿ, “ಹುಚ್ಚೆಳ್ಳನ್ನ ಅಷ್ಟ್ ದೂರದಿಂದ ಹೊತ್ಕೊಂಡ್ ಬಂದ್ಯಲ್ಲೋ” ಅಂದ್ಳು. ನಮ್ಮ ಹೊಲದ ಅಂಚಲ್ಲಿ ಹಳದಿ ಹೂವು ಬಿಡ್ತಿದ್ದ ಅದೇ ಹುಚ್ಚೆಳ್ಳು! ಶಾಲೇಲಿ ಯಾರೂ ಹೇಳಿರ್ಲಿಲ್ಲ ನೋಡಿ.

ಆಮೇಲೆ ಮಂಗ್ಳೂರಿಗೆ ಹಾಕಿದ್ರು. ಬೆಳಿಗ್ಗೆ ಆಫೀಸಿಗೆ ಹೋಗೋ ದಾರೀಲಿ ಸಣ್ಣ ಹೋಟ್ಲು, ಬೋರ್ಡಲ್ಲಿ ಸಜ್ಜಿಗೆ ಬಜಿಲ್ ಅಂತ ಸೀಮೆಸುಣ್ಣದಲ್ಲಿ ಬರೆದಿದ್ರು. ನಮ್ಮ ಕಡೆ ಸಜ್ಜಿಗೆ ಅಂದ್ರೆ ಸತ್ಯನಾರಾಯಣ ಪೂಜೆ ಪ್ರಸಾದ, ತುಪ್ಪ ಸಕ್ರೆ ಬಾಳೆಹಣ್ಣು ಹಾಕಿರೋ ರವೆ. ಬೆಳಿಗ್ಗೆ ಬೆಳಿಗ್ಗೆನೇ ಸಿಹಿ ಕೊಡ್ತಾರಲ್ಲ ಎಂಥಾ ಒಳ್ಳೆ ಜನ ಅಂತ ಆರ್ಡರ್ ಮಾಡಿದ್ರೆ ಬಂದಿದ್ದು ಉಪ್ಪಿಟ್ಟು, ಅದರ ಪಕ್ಕ ಖಾರದ ಅವಲಕ್ಕಿ. ಸಪ್ಲೈಯರ್‌ನ ಕರೆದು ನಾನು ಸಜ್ಜಿಗೆ ಹೇಳಿದ್ದು ಅಂದೆ, “ಇದು ಸಜ್ಜಿಗೆಯೇ ಅಲ್ವಾ, ಮತ್ತೆಂತ?” ಅಂದ. ಅವನು ಹೇಳಿದ್ದೂ ಸರಿ, ನಾನು ಕೇಳಿದ್ದೂ ಸರಿ. ಉಪ್ಪಿಟ್ಟು ಅವಲಕ್ಕಿ ಕಲಸಿ ತಿಂದ್ರೆ ಅದೊಂಥರಾ ಚೆನ್ನಾಗೇ ಇರತ್ತೆ, ಒಂದೇ ವಾರಕ್ಕೆ ಅಭ್ಯಾಸ ಆಯ್ತು. ಬನ್ಸ್ ಅಂದ್ರೆ ಬೇಕರಿ ಬನ್ ಅಲ್ಲ, ಕಳಿತ ಬಾಳೆಹಣ್ಣು ಹಿಚುಕಿ ಮೈದಾ ಮೊಸರು ಹಾಕಿ ನಾದಿ ಪೂರಿ ಥರ ಕರಿಯೋದು ಅಂತ ಗೊತ್ತಾಗಿದ್ದೂ ಅಲ್ಲೇ. ಬೆಂಗ್ಳೂರಲ್ಲಿ ಮಂಗಳೂರು ಬಜ್ಜಿ ಅಂತ ಕೊಡ್ತಾರಲ್ಲ, ಆ ಹೆಸರು ಹೇಳಿ ಕೇಳಿದ್ರೆ ಮಂಗ್ಳೂರಲ್ಲಿ ಮುಖ ನೋಡ್ತಾರೆ, ಅಲ್ಲಿ ಅದು ಗೋಳಿಬಜೆ. ನಂದೊಂದು ಲೆಕ್ಕ ಇದೆ, ತಿಂಡಿ ಹೆಸರಿನ ಮುಂದೆ ಊರಿನ ಹೆಸರು ಇದ್ರೆ ನೀವು ಆ ಊರಲ್ಲಿ ಇಲ್ಲ ಅಂತ ಅರ್ಥ.

ದಾವಣಗೆರೇಲೂ ಹಾಗೇ. ಅಲ್ಲಿ ಯಾರೂ ದಾವಣಗೆರೆ ಬೆಣ್ಣೆ ದೋಸೆ ಅನ್ನಲ್ಲ. ಕಟ್ಟಿಗೆ ಒಲೆ ಮೇಲೆ ಹುಯ್ತಾರೆ, ಹಿಟ್ಟಿಗೆ ಮಂಡಕ್ಕಿನೂ ಹಾಕಿ ರುಬ್ಬೋದಂತೆ, ಜೊತೆಗೆ ಬಿಳೀ ಆಲೂಗೆಡ್ಡೆ ಪಲ್ಯ, ಕಾಯಿ ಚಟ್ನಿ. ಸಾಂಬಾರ್ ಕೇಳಿದ್ರೆ ನೀವು ಹೊರಗಿನವ್ರು ಅಂತ ಗೊತ್ತಾಗೋಗತ್ತೆ. ನಾನು ಹೋಗಿ ಕೂತು ಏನಿದೆ ಅಂದೆ. ಹುಡುಗ “ಖಾಲಿ ಐತ್ರಿ” ಅಂದ. ಅಯ್ಯೋ ಎಲ್ಲಾ ಮುಗೀತಾ ಅಂತ ಎದ್ದು ಹೊರಟೆ. ಪಕ್ಕದಲ್ಲಿ ತಿಂತಿದ್ದ ಯಜಮಾನ್ರು ಅಂಗಿ ಹಿಡಿದು ಕೂರ್ಸಿದ್ರು. ಖಾಲಿ ಅನ್ನೋದು ಅಲ್ಲಿ ಒಂದು ಬಗೆ ದೋಸೆ ಹೆಸರಂತೆ, ಓಪನ್ ಅಂತ ಇನ್ನೊಂದು ಇದೆ ಅಂತೆ. ಅವ್ರೇ ಹೇಳಿದ ಕಥೆ ಇದು, 1928ರ ಸುಮಾರಿಗೆ ಚೆನ್ನಮ್ಮ ಅನ್ನೋರು ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಕೊಂಡು ದಾವಣಗೆರೆಗೆ ಬಂದು ದೋಸೆ ಅಂಗಡಿ ಇಟ್ರಂತೆ, ಆಗ ಅದು ರಾಗಿ ದೋಸೆಯಂತೆ, ಅಕ್ಕಿ ಬಂದಿದ್ದು ಆಮೇಲೆ. ರೇಟಿಂಗ್ ನೋಡಿ ಹೋಗಿದ್ರೆ ಈ ಕಥೆ ಸಿಕ್ತಿತ್ತಾ? ನನ್ ಮಗ ಫೋನಲ್ಲಿ 4.3 ಸ್ಟಾರ್ ಇಲ್ದಿದ್ರೆ ಕಾರೇ ನಿಲ್ಸಲ್ಲ.

ನಾನೊಬ್ನೇ ಪೆದ್ದನಾಗಿದ್ದು ಅಂದ್ಕೋಬೇಡಿ. ಗದಗಿನ ಗೆಳೆಯರೊಬ್ರನ್ನ ಊರ ಹಬ್ಬಕ್ಕೆ ಕರ್ಕೊಂಡ್ ಹೋಗಿದ್ದಾಗ ಮಂಡ್ಯದಲ್ಲಿ ಒಂದು ಮಿಲ್ಟ್ರಿ ಹೋಟ್ಲಿಗೆ ನುಗ್ಗಿದ್ವಿ, ಅವ್ರು ಮುದ್ದೇನ ರೊಟ್ಟಿ ಥರ ಅಗಿಯೋಕೆ ಶುರು ಮಾಡಿದ್ರು, ಅಗಿದ್ರು ಅಗಿದ್ರು ಹಲ್ಲಿಗೆಲ್ಲ ಮೆತ್ಕೊಂಡು ಮಾತೇ ಆಡಕ್ಕಾಗ್ಲಿಲ್ಲ ಪಾಪ. ಎದುರು ಕೂತಿದ್ದ ಒಬ್ಬ ಅಜ್ಜ ಒಂದು ತುತ್ತು ಮುರಿದು ಸಾರಲ್ಲಿ ಅದ್ದಿ ಗುಳುಂ ಅಂತ ನುಂಗಿ ತೋರ್ಸಿದ್ರು. ಪರಿಚಯ ಇಲ್ಲ ಏನಿಲ್ಲ. ಒಂದೇ ಟೇಬಲ್ಲಲ್ಲಿ ಯಾರ್ಯಾರೋ ಕೂರೋ ಹೋಟ್ಲಲ್ಲಿ ಮಾತ್ರ ಇದೆಲ್ಲ ಆಗೋದು.

ಈಗ ನನ್ನ ತಕರಾರಿಗೆ ಬರ್ತೀನಿ. 2024ರಲ್ಲಿ ನಾಮಫಲಕದಲ್ಲಿ ಶೇ 60 ಕನ್ನಡ ಇರ್ಬೇಕು ಅಂತ ಕಾನೂನು ತಿದ್ದುಪಡಿ ಆಯ್ತು, ಸಂತೋಷ. ನಾನು ಹೇಳಿದ ಆ ಹೋಟ್ಲಿನ ಬೋರ್ಡೂ ಕನ್ನಡದಲ್ಲೇ ಇತ್ತು, ಮೆನು ಕಾರ್ಡೂ ಅರ್ಧ ಕನ್ನಡದಲ್ಲೇ ಇತ್ತು. ‘ಪೀನಟ್ ಡ್ರೈ ಚಟ್ನಿ’ ಅಂತ ಚೆಂದದ ಕನ್ನಡ ಅಕ್ಷರದಲ್ಲಿ ಪ್ರಿಂಟ್ ಹಾಕ್ಸಿದ್ರು! ಇದನ್ನ ಯಾವ ಕಾನೂನು ಹಿಡಿಯತ್ತೆ ಹೇಳಿ. ನಾನೇನು ಅಚ್ಚಗನ್ನಡದ ಹಟದವ್ನಲ್ಲ. ಖಾನಾವಳಿ ಮರಾಠಿಯಿಂದ ಬಂದಿದ್ದು, ಮಿಲ್ಟ್ರಿ ಇಂಗ್ಲಿಷಿಂದ ಬಂದಿದ್ದು, ಹೋಟ್ಲು ಅನ್ನೋದೇ ಹೊರಗಿಂದು, ಬಂದು ನಮ್ಮ ಬಾಯಲ್ಲಿ ಪಳಗಿದಾವೆ, ಇರ್ಲಿ. ಆದ್ರೆ ಬೀದರಿಂದ ಚಾಮರಾಜನಗರದವರ್ಗೂ ಎಲ್ಲಾ ಹೋಟ್ಲಲ್ಲೂ ಅದೇ ಉಪ್ಮಾ ಅದೇ ಪೋಹಾ ಅಂತ ಬರೆದ್ಬಿಟ್ರೆ ಮುಂದೆ ನನ್ನ ಮೊಮ್ಮಗಳು ಮಂಗ್ಳೂರಿಗೆ ಹೋದಾಗ ಸಜ್ಜಿಗೆ ಕೇಳಿ ಬೆಪ್ಪಾಗೋ ಅವಕಾಶನೇ ಇರಲ್ವಲ್ಲ. ಟೂರಿಸ್ಟ್‌ಗಳಿಗೆ ಅರ್ಥ ಆಗಲ್ಲ ಅಂತಾರೆ ಹೋಟ್ಲಿನವ್ರು. ಅರ್ಥ ಆಗ್ದಿದ್ರೆ ಕೇಳ್ತಾರೆ, ನಾನು ಕೇಳ್ಲಿಲ್ವಾ?

ಹಾಂ, ಒಂದು ಮಾತು ಬಿಟ್ಟೆ. ಅವತ್ತು ಅಲ್ಲಿ ಬಡಿಸೋಕೆ ಬಂದ ಹುಡುಗ ಅಸ್ಸಾಮಿನವ್ನು, ಬಂದು ಏಳು ತಿಂಗ್ಳಾಯ್ತಂತೆ. ಕಾರ್ಡ್ ಹಿಡ್ಕೊಂಡು ಪೀನಟ್ ಡ್ರೈ ಚಟ್ನಿ ಅಂತ ಬೆರಳಿಟ್ಟು ತೋರ್ಸಿದೆ. ಅವನು ಬಗ್ಗಿ ನೋಡಿ “ಓ, ಹಿಂಡಿ!” ಅಂದ. ಒಳಗೆ ರೊಟ್ಟಿ ಬಡಿಯೋ ಹೆಂಗಸ್ರಿಂದ ಕಲ್ತಿದಾನೆ. ಕಾರ್ಡ್ ಬರೆದವ್ರಿಗೆ ಬರ್ದೇ ಇದ್ದಿದ್ದು ಅವನಿಗೆ ಬಂದಿತ್ತು, ಇನ್ನೊಂದು ಚಮಚ ಹಾಕಿಸ್ಕೊಂಡೆ.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ. ಪುರವಣೀಲಿ ಯಾವ್ದಾದ್ರೂ ಊರಿನ ಹೋಟ್ಲು ಬಗ್ಗೆ ಬರೆಯೋವಾಗ ಆ ತಿಂಡೀನ ಆ ಊರವ್ರು ಏನಂತ ಕರೀತಾರೋ ಹಂಗೇ ಹಾಕಿ, ಬ್ರಾಕೆಟ್ಟಲ್ಲಿ ಉಪ್ಮಾ ಅಂತ ಬಿಡಿಸಿ ಹೇಳ್ಬೇಡಿ. ಬೆಂಗ್ಳೂರಿನ ಹೊಸ ಕೆಫೆಗಳ ಫೋಟೋ ಸ್ವಲ್ಪ ಕಮ್ಮಿ ಮಾಡಿ ತಾಲೂಕು ಬಸ್‌ಸ್ಟ್ಯಾಂಡ್ ಎದುರಿನ ಖಾನಾವಳೀದೂ ಒಂದ್ ಹಾಕಿ. ಮತ್ತೆ ಬೀದರ್, ಕಲಬುರಗಿ ಕಡೆ ನಂಗೆ ಟ್ರಾನ್ಸ್‌ಫರ್ ಆಗ್ಲೇ ಇಲ್ಲ, ಆ ಕಡೆ ಖಾನಾವಳೀಲಿ ಹಿಂಡಿಗೆ ಏನಂತಾರೆ, ಹಿಂಡಿ ಅಂತಾನೇ ಅಂತಾರಾ ಬೇರೆ ಹೆಸರಿದ್ಯಾ ಅಂತ ನಿಮ್ಮ ಓದುಗರು ಯಾರಾದ್ರೂ ಇದೇ ಅಂಕಣದಲ್ಲಿ ಬರೆದ್ರೆ ಉಪಕಾರ ಆಗತ್ತೆ, ಡಿಸೆಂಬರಲ್ಲಿ ಆ ಕಡೆ ಹೋಗೋ ಪ್ಲಾನ್ ಇದೆ.

ಇತಿ,
ನಿವೃತ್ತ ಬ್ಯಾಂಕ್ ನೌಕರ, ಮೈಸೂರು