ಸುಡೋ ತೂತು ಮುಚ್ಚಿಲ್ಲ, ದೂರು ಮಾತ್ರ ಮುಚ್ಚಿದ್ದೀರಿ

ಇಂದ:
ಲ್ಯಾಬ್ ಉಸ್ತುವಾರಿ,
ಕಂಪ್ಯೂಟರ್ ತರಬೇತಿ ಕೇಂದ್ರ,
ಅಶೋಕನಗರ, ಮಂಡ್ಯ

ಇವರಿಗೆ:
ಸರ್ವಿಸ್ ಮ್ಯಾನೇಜರ್,
ಕಂಪ್ಯೂಟರ್ ನಿರ್ವಹಣೆ ವಿಭಾಗ, ಮೈಸೂರು ಶಾಖೆ

ವಿಷಯ: ಉಬುಂಟು 24.04 (ಲಿನಕ್ಸ್ ಓಎಸ್) ಸಿಸ್ಟಮ್‌ಗಳಲ್ಲಿ ಸುಡೋ ಅಪ್‌ಡೇಟ್ ಮಾಡದೆ ಬಿಟ್ಟಿರುವುದು, ದೋಷದ ಸಂಖ್ಯೆ ಸಿವಿಇ-2025-32463

ಮಾನ್ಯರೇ,

ನಮ್ಮ ಲ್ಯಾಬ್‌ನ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ನಿಮ್ಮದು. ಸುಡೋದಲ್ಲಿ (ಅನುಮತಿ ಇದ್ದವರಿಗೆ ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಬಿಡುವ ಪ್ರೋಗ್ರಾಂ) ತೂತಿದೆ, ಸರಿ ಮಾಡಿಕೊಡಿ ಅಂತ ದೂರು ಕೊಟ್ಟರೆ, ‘ಇದು ಲೋಕಲ್ ಸಮಸ್ಯೆ, ಫೈರ್‌ವಾಲ್ ಇದೆ, ಭಯ ಬೇಡ’ ಅಂತ ಒಂದೇ ಸಾಲು ಬರೆದು ಟಿಕೆಟ್ ಕ್ಲೋಸ್ ಮಾಡಿದ್ದೀರಿ. ಈ ಉತ್ತರ ನಮಗೆ ಒಪ್ಪಿಗೆಯಿಲ್ಲ.

ಫೈರ್‌ವಾಲ್ ತಡೆಯುವುದು ಹೊರಗಿನವರನ್ನು. ನಮ್ಮಲ್ಲಿ ಲಾಗಿನ್ ಇರುವವರೆಲ್ಲ ಒಳಗೇ ಕೂತಿರುತ್ತಾರೆ. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆಯಿಂದ ಬರುವ ಮಕ್ಕಳು ಬೆಳಗಿನ ಬ್ಯಾಚು, ಸಂಜೆ ಬ್ಯಾಚು ಅಂತ ಒಂದೇ ಸಿಸ್ಟಮ್ ಹಂಚಿಕೊಳ್ಳುತ್ತಾರೆ. ಕ್ಲಾಸ್ ಮುಗಿದ ಮೇಲೆ ಸ್ಕಾಲರ್‌ಶಿಪ್ ಅರ್ಜಿ ಹಾಕುವುದೂ ಅದರಲ್ಲೇ. ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಎಲ್ಲದರ ಸ್ಕ್ಯಾನ್ ಅವರವರ ಫೋಲ್ಡರ್‌ನಲ್ಲಿರುತ್ತದೆ. ಒಬ್ಬರದು ಇನ್ನೊಬ್ಬರಿಗೆ ಸಿಗಬಾರದು ಅಂತಲೇ ಅಲ್ವಾ ಬೇರೆ ಬೇರೆ ಅಕೌಂಟ್ ಮಾಡಿಸಿದ್ದು?

ಮೊನ್ನೆ ಒಬ್ಬ ಹುಡುಗ ‘ಸರ್, ಸ್ವಲ್ಪ ಇಲ್ಲಿ ಬನ್ನಿ’ ಅಂತ ಕರೆದ. ಅವನ ಅಕೌಂಟ್‌ಗೆ ಸುಡೋ ಬಳಸುವ ಅನುಮತಿಯೇ ಇಲ್ಲ. ಟರ್ಮಿನಲ್‌ನಲ್ಲಿ ಚಿಕ್ಕದೊಂದು ಸ್ಕ್ರಿಪ್ಟ್ ಓಡಿಸಿದ. ಪಾಸ್‌ವರ್ಡ್ ಕೇಳಲೇ ಇಲ್ಲ. ಸಾಲಿನ ಕೊನೆಯ ಡಾಲರ್ ಗುರುತು ಹೋಗಿ ಹ್ಯಾಶ್ ಗುರುತು ಬಂತು. ‘ಹೂಆ್ಯಮ್‌ಐ’ (ನಾನು ಯಾರು) ಅಂತ ಹೊಡೆದ, ‘ರೂಟ್’ ಅಂತ ಉತ್ತರ ಬಂತು, ಅಂದರೆ ಸಿಸ್ಟಮ್‌ನ ಪೂರ್ತಿ ಅಧಿಕಾರ ಅವನ ಕೈಗೆ. ಹುಡುಗ ಒಳ್ಳೆಯವನು, ಕರೆದು ತೋರಿಸಿದ. ಎಲ್ಲರೂ ಕರೆದು ತೋರಿಸುತ್ತಾರಾ?

ಇದು ಹೇಗಾಗುತ್ತದೆ ಅಂತ ನಿಮ್ಮ ಇಂಜಿನಿಯರ್‌ಗೆ ಗೊತ್ತಿರಬೇಕಿತ್ತು. ಸುಡೋ 1.9.14ರಿಂದ 1.9.17ರವರೆಗೆ ‘ಸಿಎಚ್‌ರೂಟ್’ ಆಯ್ಕೆ (ಒಂದು ಫೋಲ್ಡರನ್ನೇ ಇಡೀ ಸಿಸ್ಟಮ್ ಅಂತ ತೋರಿಸುವುದು) ಕೊಟ್ಟರೆ, ಅನುಮತಿ ಇದೆಯಾ ಅಂತ ನೋಡುವ ಹಂತದಲ್ಲೇ ಅದು ಬಳಸುವವನು ತೋರಿಸಿದ ಫೋಲ್ಡರ್‌ನೊಳಗೆ ಹೋಗುತ್ತದೆ. ಅಲ್ಲಿ ಅವನೇ ಇಟ್ಟ ಎನ್‌ಎಸ್‌ಸ್ವಿಚ್ ಫೈಲ್ (ಬಳಕೆದಾರರ ಹೆಸರಿನಂಥ ಮಾಹಿತಿ ಎಲ್ಲಿ ಹುಡುಕಬೇಕು ಅಂತ ಹೇಳುವ ಫೈಲ್) ಓದಿ, ಅವನದೇ ಲೈಬ್ರರಿಯನ್ನು ರೂಟ್ ಅಧಿಕಾರದಲ್ಲಿ ಲೋಡ್ ಮಾಡುತ್ತದೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಸ್ಟ್ರಾಟಾಸ್ಕೇಲ್ ಸಂಸ್ಥೆಯ ಸಂಶೋಧಕರು ಕಂಡುಹಿಡಿದ ಈ ದೋಷ 2025ರ ಜೂನ್ 30ರಂದು ಬಹಿರಂಗವಾಯಿತು, 1.9.17ಪಿ1ರಲ್ಲಿ ಸರಿಯೂ ಆಯಿತು. ದಾಳಿಕೋರರು ನಿಜವಾಗಿ ಬಳಸುತ್ತಿರುವ ದೋಷಗಳ ಪಟ್ಟಿಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಅದೇ ಸೆಪ್ಟೆಂಬರ್‌ನಲ್ಲಿ ಇದನ್ನು ಸೇರಿಸಿತು.

ಫೋನ್ ಮಾಡಿದಾಗ ನಿಮ್ಮವರು ಹೇಳಿದ್ದು: ‘1.9.17ಪಿ1 ಇನ್ನೂ ನಿಮ್ಮ ಉಬುಂಟುಗೆ ಬಂದಿಲ್ಲ, ಬಂದಾಗ ಹಾಕುತ್ತೇವೆ.’ ಅದು ಬರುವುದೇ ಇಲ್ಲ ಸ್ವಾಮಿ. ಉಬುಂಟುನವರು 24.04ರಲ್ಲಿರುವ 1.9.15ಪಿ5ಕ್ಕೇ ರಿಪೇರಿ ಸೇರಿಸಿ ಅಪ್‌ಡೇಟ್ ಬಿಟ್ಟಿದ್ದಾರೆ. ಮೊದಲ ಭಾಗದ ನಂಬರ್ ಹಾಗೇ ಇರುತ್ತದೆ, ಬಾಲದ ನಂಬರ್ ಮಾತ್ರ ಬದಲಾಗುತ್ತದೆ. ಎಪಿಟಿಯಲ್ಲಿ (ಉಬುಂಟುವಿನ ಸಾಫ್ಟ್‌ವೇರ್ ಹಾಕುವ ಕಮಾಂಡ್) ಸುಡೋ ಪ್ಯಾಕೇಜ್ ಅಪ್‌ಗ್ರೇಡ್ ಮಾಡಿದರೆ ಮುಗಿಯಿತು, ರೀಸ್ಟಾರ್ಟ್ ಕೂಡ ಬೇಡ.

ನಿಜ ಹೇಳಬೇಕೆಂದರೆ ಅಷ್ಟೂ ಬೇಕಿರಲಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ತಾನಾಗೇ ಹಾಕಿಕೊಳ್ಳುವ ವ್ಯವಸ್ಥೆ ಉಬುಂಟುನಲ್ಲೇ ಇದೆ. ಕ್ಲಾಸ್ ಟೈಮಲ್ಲಿ ನೆಟ್ ಸ್ಲೋ ಆಗುತ್ತದೆ ಅಂತ ಅದನ್ನು ಆಫ್ ಮಾಡಿದವರು ನಿಮ್ಮವರೇ. ಸರಿ, ಆಫ್ ಮಾಡಿದ ಮೇಲೆ ಕೈಯಾರೆ ಹಾಕಬೇಕಾದವರು ಯಾರು? ಪ್ರತಿ ಸಲ ಬಂದು ಧೂಳು ಹೊಡೆದು, ಕೆಟ್ಟ ಮೌಸ್ ಬದಲಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸರ್ವಿಸ್ ಶೀಟ್‌ನಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟ್’ ಎದುರು ಟಿಕ್ ಬೇರೆ! ಆ ಶೀಟ್‌ಗಳ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ.

ಈ ವಾರದೊಳಗೆ ಎಲ್ಲ ಸಿಸ್ಟಮ್‌ಗಳಲ್ಲೂ ಸುಡೋ ಅಪ್‌ಡೇಟ್ ಆಗಬೇಕು. ಆಟೋ ಅಪ್‌ಡೇಟ್ ಮತ್ತೆ ಆನ್ ಮಾಡಿ, ಊಟದ ಬಿಡುವಿಗೆ ಟೈಮ್ ಸೆಟ್ ಮಾಡಿ. ಸ್ಕ್ರಿಪ್ಟ್ ಓಡಿದ ಸಿಸ್ಟಮ್‌ಗೆ ಬರೀ ಅಪ್‌ಡೇಟ್ ಸಾಲದು. ಒಮ್ಮೆ ರೂಟ್ ಸಿಕ್ಕವರು ಒಳಗೆ ಏನನ್ನಾದರೂ ಬಿಟ್ಟು ಹೋಗಿರಬಹುದು, ಅದನ್ನು ಅಪ್‌ಡೇಟ್ ತೆಗೆಯುವುದಿಲ್ಲ. ಮಕ್ಕಳ ಫೈಲ್‌ಗಳನ್ನು ಬ್ಯಾಕಪ್ ತೆಗೆದು ಓಎಸ್ ಹೊಸದಾಗಿ ಹಾಕಿ. ಬೇರೆ ಸಿಸ್ಟಮ್‌ಗಳಲ್ಲಿ ಯಾರಾದರೂ ಹೀಗೆ ನುಗ್ಗಿದ್ದಾರಾ ಅಂತ ಲಾಗ್ ನೋಡಿ ಬರಹದಲ್ಲಿ ತಿಳಿಸಿ. ಯಾವ ಸಿಸ್ಟಮ್‌ನಲ್ಲಿ ಸುಡೋ ಪ್ಯಾಕೇಜ್‌ನ ಪೂರ್ತಿ ನಂಬರ್ ಎಷ್ಟು ಅಂತಲೂ ಬರೆದುಕೊಡಿ. ಈ ಸಲ ಟಿಕ್ ಬೇಡ.

ಕೆಲಸ ಮುಗಿದ ಮೇಲೆ ಅದೇ ಸ್ಕ್ರಿಪ್ಟನ್ನು ನಿಮ್ಮ ಇಂಜಿನಿಯರ್ ಎದುರಿಗೇ ಒಂದೊಂದು ಸಿಸ್ಟಮ್‌ನಲ್ಲೂ ಓಡಿಸಿ ನೋಡುತ್ತೇವೆ. ಅಲ್ಲಿಯವರೆಗೆ ಸರ್ವಿಸ್ ಶೀಟ್‌ಗೆ ಸಹಿಯೂ ಇಲ್ಲ, ಎಎಂಸಿ ಬಿಲ್ಲೂ ಪಾಸ್ ಆಗುವುದಿಲ್ಲ.

ಇಂತಿ,
ಲ್ಯಾಬ್ ಉಸ್ತುವಾರಿ